ಕೋಟೆಯ ಕೆಳಗಣ ಪೇಟೆ

ಬೆಟ್ಟವನ್ನು ಕಂಡಲ್ಲೆಲ್ಲ ಕೋಟೆಯನ್ನು ಕಟ್ಟಿದ ಸೀಮೆಯಿದು. ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿ ಹಬ್ಬಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಸಂಚರಿಸಲು ಬಂದವನು ಬೆಳಗಿನ ತಂಪಿನಲ್ಲಿ ಬೆಟ್ಟವನ್ನೇರಿ, ಬುರುಜನ್ನೂ ಬಾಗಿಲುವಾಡವನ್ನೂ ದೊಣೆಯನ್ನೂ ಕಣಜವನ್ನೂ ನೋಡಿ, ಬಂಡೆ ಕಾಯುವ ಮುನ್ನ ಇಳಿದು, ಸಂಜೆಗೆ ಬೆಟ್ಟದ ಬುಡದ ಪೇಟೆಯಲ್ಲಿ ಏನನ್ನಾದರೂ ತಿಂದು ಮಲಗುವುದು ವಾಡಿಕೆ. ಇವೆರಡರಲ್ಲಿ ಮೊದಲನೆಯದನ್ನು ಅವನು ಇತಿಹಾಸದ ಲೆಕ್ಕಕ್ಕೂ ಎರಡನೆಯದನ್ನು ಖರ್ಚಿನ ಲೆಕ್ಕಕ್ಕೂ ಬರೆದುಕೊಳ್ಳುತ್ತಾನೆ. ಈ ವಿಂಗಡಣೆ ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದು ವಿಚಾರಾರ್ಹವಾದ ಸಂಗತಿ. ರಾಜ್ಯಗಳು ಬೆಟ್ಟದ ಮೇಲೆ ಹುಟ್ಟಿ ಬೆಟ್ಟದ ಮೇಲೆಯೇ ಅಳಿದುವೆಂಬುದು ನಿಜ. ಆದರೆ ಆ ರಾಜ್ಯಗಳನ್ನು ಹೊತ್ತಿದ್ದ ಜನ ಕೆಳಗಿನ ಬೀದಿಯಲ್ಲಿದ್ದರು, ಕೆಳಗಿನ ಬೀದಿಯಲ್ಲಿ ಉಂಡರು, ಮತ್ತು ಮೇಲಿನ ಗೋಡೆಗಳು ಬಿರಿದು ಅವುಗಳೊಳಗೆ ಗಿಡ ಬೆಳೆದ ಮೇಲೆಯೂ ಅಲ್ಲಿಯೇ ಉಳಿದರು.

ದಕ್ಷಿಣದಿಂದ ಬರುವವನಿಗೆ ಈ ನಾಡು ಒಮ್ಮೆಗೇ ತನ್ನ ಶುಷ್ಕತೆಯನ್ನು ತೋರಿಸುವುದಿಲ್ಲ. ಕೊರಟಗೆರೆಯಲ್ಲಿ ದೇವರಾಯನದುರ್ಗದ ಕಡೆಯಿಂದ ಇಳಿದ ಜಯಮಂಗಲಿಯ ಬಯಲುಂಟು. ತೆಂಗು ಅಡಕೆಗಳ ತೋಟಗಳುಂಟು. ಸಿದ್ಧರಬೆಟ್ಟ, ಚನ್ನರಾಯನದುರ್ಗಗಳ ನೆರಳುಂಟು. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬಂದ ಭಕ್ತರ ಗದ್ದಲವುಂಟು. ಅಲ್ಲಿಂದ ಉತ್ತರಕ್ಕೆ ಸಾಗಿದಂತೆಲ್ಲ ತೋಟ ಹೊಲವಾಗುತ್ತದೆ, ಹೊಲ ಬೀಳಾಗುತ್ತದೆ, ಬೀಳಿನ ನಡುವೆ ಬೃಹತ್ಕಾಯದ ಬಂಡೆಗಳು ತಲೆಯೆತ್ತುತ್ತವೆ. ಪಾವಗಡವನ್ನು ಮುಟ್ಟುವ ವೇಳೆಗೆ ನಾವು ಬಹುಪಾಲು ಆಂಧ್ರದಿಂದ ಸುತ್ತುವರಿಯಲ್ಪಟ್ಟ ಕನ್ನಡನಾಡಿನ ತುಣುಕೊಂದರಲ್ಲಿರುತ್ತೇವೆ. ಅಂಗಡಿಯವನು ಒಬ್ಬ ಗಿರಾಕಿಯೊಡನೆ ಕನ್ನಡದಲ್ಲಿಯೂ ಮತ್ತೊಬ್ಬನೊಡನೆ ತೆಲುಗಿನಲ್ಲಿಯೂ ಚೌಕಾಶಿ ಮಾಡುತ್ತ, ಎರಡರ ನಡುವೆ ಉಸಿರನ್ನು ಸಹ ಬದಲಿಸುವುದಿಲ್ಲ. ಮಳೆಯನ್ನು ನಂಬಿ ಬಹುಕಾಲ ಬಳಲಿದ ಇದೇ ತಾಲ್ಲೂಕಿನ ತಿರುಮಣಿಯ ಸುತ್ತಿನ ಐದು ಗ್ರಾಮಗಳ ರೈತರು ಈಗ ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟು, ಬಿಸಿಲನ್ನೇ ಬೆಳೆಯಾಗಿ ಕೊಯ್ಯುವ 2,050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರಕ್ಕೆ ಎಡೆಮಾಡಿದ್ದಾರೆ.

ಮಧುಗಿರಿಯ ಏಕಶಿಲೆಯನ್ನು ಕುರಿತು ಹೇಳದೆ ಈ ಸೀಮೆಯ ಮಾತು ಮುಂದುವರಿಯಲಾರದು. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಈ ಬಂಡೆಯ ಮೇಲೆ 1670ರ ಸುಮಾರಿನಲ್ಲಿ ಹಿರೇಗೌಡನು ಕಟ್ಟಿದ ಮಣ್ಣಿನ ಕೋಟೆಯು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಯಿತು; ಮುಂದೆ ಹೈದರನ ಕಾಲದಲ್ಲಿ ಅದು ವಿಸ್ತಾರವನ್ನೂ ದೃಢತೆಯನ್ನೂ ಪಡೆಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿರಿಸಿದ್ದು ಇಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಅವಳನ್ನು ಬಿಡಿಸಿತಾದರೂ ಪುಣೆಯನ್ನು ಸೇರುವ ಮುನ್ನವೇ ದಾರಿಯಲ್ಲಿ ಅವಳು ಕಾಲವಶಳಾದಳು. ಮಲೆನಾಡಿನ ಮಳೆಯಲ್ಲಿ, ಮೆಣಸು ಏಲಕ್ಕಿಗಳ ವ್ಯಾಪಾರದಿಂದ ಸಮೃದ್ಧವಾದ ರಾಜಧಾನಿಯಲ್ಲಿ ಬಾಳಿದ ರಾಣಿಯೊಬ್ಬಳು ನಾಲ್ಕು ವರ್ಷಗಳ ಪರ್ಯಂತ ಈ ಬೋಳುಬಂಡೆಯ ಮೇಲಿಂದ ಏನನ್ನು ನೋಡಿರಬಹುದು? ಕೆಳಗೆ ವೆಂಕಟರಮಣನ ಮತ್ತು ಮಲ್ಲೇಶ್ವರನ ಗುಡಿಗಳು ಅಕ್ಕಪಕ್ಕದಲ್ಲಿ ನಿಂತ ಊರನ್ನು, ಊರಿನಾಚೆ ರಾಗಿಯ ಹೊಲಗಳನ್ನು. ಕೋಟೆಯ ಕಣಜಕ್ಕೆ ಧಾನ್ಯವು ಏರಿದ್ದೂ ಆ ಹೊಲಗಳಿಂದಲೇ. ಮುತ್ತಿಗೆಯಲ್ಲಿ ದುರ್ಗವನ್ನು ಕಾಯುವುದು ಫಿರಂಗಿಗಿಂತ ಮಿಗಿಲಾಗಿ ಕಣಜವೆಂಬುದನ್ನು ಬಲ್ಲವರು, ಕೋಟೆಯ ಚರಿತ್ರೆಯು ಪೇಟೆಯ ಚರಿತ್ರೆಯ ಒಂದು ಅಧ್ಯಾಯ ಮಾತ್ರವೆಂಬುದನ್ನು ಸುಲಭವಾಗಿ ಒಪ್ಪಿಯಾರು.

ಈ ಮಾತಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಶಿರಾ ಪಟ್ಟಣ. ಉಳಿದ ಮೂರು ಊರುಗಳಂತೆ ಶಿರಾ ಬೆಟ್ಟವನ್ನು ಆಶ್ರಯಿಸಿದುದಲ್ಲ, ಬಯಲಿನಲ್ಲಿ ಕುಳಿತದ್ದು. ರತ್ನಗಿರಿಯ ನಾಯಕನಾದ ಕಸ್ತೂರಿ ರಂಗಪ್ಪನಾಯಕನು ಇಲ್ಲಿ ಕೋಟೆಗೆ ಅಸ್ತಿಭಾರವನ್ನು ಹಾಕಿದನು. ಆದರೆ ಕಟ್ಟಡವು ಪೂರ್ತಿಯಾಗುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಬಂದು ಊರನ್ನು ಹಿಡಿದನು. ಕಟ್ಟಲು ತೊಡಗಿದವನೊಬ್ಬ, ಮುಗಿಸಿದವನು ಇನ್ನೊಬ್ಬ, ಅನುಭವಿಸಿದವನು ಮತ್ತೊಬ್ಬ ಎಂಬುದು ಅಲ್ಲಿಂದ ಮುಂದೆ ಈ ಊರಿನ ಹಣೆಬರಹವೇ ಆಯಿತು. ಬಿಜಾಪುರದ ಅಧಿಕಾರಿಗಳಲ್ಲಿ ಮಲಿಕ್ ರಿಹಾನನ ಹೆಸರು ಇಂದಿಗೂ ಜನರ ಬಾಯಲ್ಲಿರುವುದು ಅವನ ಗೋರಿಯ ಕಾರಣದಿಂದ. 1651ರ ಆ ಗುಮ್ಮಟವು ಶಿರಾದಲ್ಲಿ ಉಳಿದುಬಂದ ಹಳೆಯ ಕಟ್ಟಡಗಳಲ್ಲಿ ಅತ್ಯಂತ ಚೆಲುವಾದುದು.

ಬಿಜಾಪುರವು 1686ರಲ್ಲಿ ಔರಂಗಜೇಬನಿಗೆ ಶರಣಾದ ಬಳಿಕ ಈ ಪ್ರಾಂತವು ಮೊಗಲರಿಗೆ ಸಂದಿತು. ಶಿರಾ ಒಂದು ಸುಬಾದ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದರ ಅಧೀನವಾದುವು. ಬೆಂಗಳೂರಿನ ಹೆಸರು ಈ ಪಟ್ಟಿಯಲ್ಲಿ ಏಕೆ ಇಲ್ಲವೆಂದು ಕೇಳುವವರಿಗೆ ಉತ್ತರವು ಸ್ವಾರಸ್ಯವಾಗಿದೆ: ಪ್ರಾಂತದ ಮೊದಲ ಫೌಜುದಾರನಾದ ಖಾಸಿಂ ಖಾನನು 1687ರಲ್ಲಿ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿಬಿಟ್ಟಿದ್ದನು. ಇಂದು ಬೆಂಗಳೂರಿನ ಬಸ್ಸಿಗಾಗಿ ಶಿರಾದ ನಿಲ್ದಾಣದಲ್ಲಿ ಕಾದು ನಿಲ್ಲುವ ತರುಣನಿಗೆ ಈ ವ್ಯವಹಾರವು ತಿಳಿದಿದ್ದರೆ ಕಾಯುವ ಬೇಸರ ಕಿಂಚಿತ್ತಾದರೂ ಕಡಮೆಯಾದೀತು.

ಅದೇ ಖಾಸಿಂ ಖಾನನ ಅಂತ್ಯದಲ್ಲಿ ಅನ್ನದ ಚರಿತ್ರೆಯನ್ನು ಬರೆಯುವವರು ಮರೆಯಬಾರದ ಒಂದು ಪ್ರಸಂಗವುಂಟು. 1695ರಲ್ಲಿ ಬಾದಶಹನು ಮರಾಠರ ಸಂತಾಜಿ ಘೋರ್ಪಡೆಯನ್ನು ತಡೆಯಲೆಂದು ಖಾನಾಜಾದ್ ಖಾನ್ ಮೊದಲಾದ ಸರದಾರರನ್ನು ಅವನ ಬಳಿಗೆ ಕಳುಹಿಸಿದಾಗ, ಬಂದ ಅತಿಥಿಯನ್ನು ತಕ್ಕಂತೆ ಸತ್ಕರಿಸಬೇಕೆಂಬ ಆಸೆಯಿಂದ ಖಾಸಿಂ ಖಾನನು ಬೆಲೆಬಾಳುವ ಡೇರೆಗಳನ್ನೂ ಚಿನ್ನ ಬೆಳ್ಳಿಯ ಮತ್ತು ಚೀನೀ ಪಿಂಗಾಣಿಯ ಪಾತ್ರೆಗಳನ್ನೂ ತರಿಸಿ ಮುಂದಿನ ಬಿಡಾರಕ್ಕೆ ರವಾನಿಸಿದನು. ಸಂತಾಜಿಯು ಮೊದಲು ಆ ಬಿಡಾರವನ್ನೇ ಸೂರೆಮಾಡಿದನು. ಸೈನ್ಯವು ಹಿಮ್ಮೆಟ್ಟಿ ಚಳ್ಳಕೆರೆಯ ಬಳಿಯ ದೊಡ್ಡೇರಿಯೆಂಬ ಸಣ್ಣ ಕೋಟೆಯ ಆಶ್ರಯವನ್ನು ಹೊಕ್ಕಿತು. ಕೆಲವೇ ದಿನಗಳಲ್ಲಿ ಅಲ್ಲಿ ಆಳಿಗೆ ಅನ್ನವಿಲ್ಲ, ಕುದುರೆಗೆ ಮೇವಿಲ್ಲ ಎಂಬಂತಾಯಿತು. ಔತಣವನ್ನು ಯೋಜಿಸಿದ್ದ ಧಣಿ ಉಪವಾಸದ ಕೋಟೆಯಲ್ಲಿ ಪ್ರಾಣವನ್ನು ಬಿಟ್ಟನು; ಅವಮಾನವನ್ನು ತಾಳಲಾರದೆ ವಿಷವನ್ನು ಸೇವಿಸಿದನೆಂದೂ ಹೇಳುವರು. ಪಿಂಗಾಣಿಯ ತಟ್ಟೆಗಳನ್ನು ತರಿಸಿಯೂ ಕಡೆಗೆ ಹಿಡಿ ರಾಗಿಯಿಲ್ಲದ ದುರವಸ್ಥೆಯು ಈ ಒಣಸೀಮೆಯಲ್ಲಿ ದೊರೆಗಳಿಗೂ ಬರಬಹುದೆಂಬುದಕ್ಕೆ ದೊಡ್ಡೇರಿಯೇ ನಿದರ್ಶನ.

ಮರುವರ್ಷವೇ, 1696ರಲ್ಲಿ, ಶಿರಾದಲ್ಲಿ ಕೆತ್ತಿದ ಕಲ್ಲಿನ ಜಾಮಿಯಾ ಮಸೀದಿ ಎದ್ದುನಿಂತಿತು. ಊರಿನ ಏಳ್ಗೆ ಪರಾಕಾಷ್ಠೆಯನ್ನು ಮುಟ್ಟಿದ್ದು 1756ರಲ್ಲಿ ತೀರಿಕೊಂಡ ದಿಲಾವರ್ ಖಾನನ ದೀರ್ಘವಾದ ಆಡಳಿತದಲ್ಲಿ. ಆಗ ಶಿರಾದಲ್ಲಿ 50,000 ಮನೆಗಳಿದ್ದುವೆಂಬ ಪ್ರತೀತಿಯನ್ನು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಹೊಗಳುಭಟರ ಪಾಲನ್ನು ಕಳೆದು ಅರ್ಧವನ್ನೇ ನಂಬಿದರೂ ಅದು ಸಾಮಾನ್ಯವಾದ ಊರಲ್ಲ. ದಿಲಾವರ್ ಖಾನನ ಅರಮನೆಯನ್ನು ಮಾದರಿಯಾಗಿರಿಸಿಕೊಂಡೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಅರಮನೆಗಳನ್ನು ಕಟ್ಟಿಸಿದರೆಂದೂ, ಇಲ್ಲಿನ ಖಾನ್ ಬಾಗ್ ಎಂಬ ಉದ್ಯಾನವೇ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದೆಂದೂ ಹೇಳಿಕೆಯುಂಟು. ಅಂದಿನ ಸಂಜೆಯಲ್ಲಿ ಈ ಬೀದಿಗಳು ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ದರಬಾರಿದ್ದ ಕಡೆ ಲೆಕ್ಕ ಬರೆಯುವವರೂ ಕುದುರೆಯ ವ್ಯಾಪಾರಿಗಳೂ ದರ್ಜಿಗಳೂ ಅತ್ತರಿನವರೂ ಬಾಣಸಿಗರೂ ಇರಲೇಬೇಕು. ಅಷ್ಟು ಜನರ ಹೊಟ್ಟೆಗೆ ಸುತ್ತಣ ಹಳ್ಳಿಗಳಿಂದ ರಾಗಿ, ಹುರುಳಿ, ತುಪ್ಪ, ಕುರಿಗಳು ಬರಲೇಬೇಕು.

ಈ ವೈಭವವು ಕರಗಿದ ರೀತಿಯನ್ನಾದರೋ ತಾರೀಖುಗಳೇ ಹೇಳುತ್ತವೆ. 1757ರಲ್ಲಿ ಮರಾಠರು ಊರನ್ನು ಹಿಡಿದರು. ಎರಡು ವರ್ಷಗಳ ಮೇಲೆ ಬಿಟ್ಟುಕೊಟ್ಟರು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನು, ಇನ್ನೂ ಗೆಲ್ಲದಿದ್ದ ಶಿರಾದ ನವಾಬಗಿರಿಯನ್ನು ಮೂರು ಲಕ್ಷದ ನಜರಾನೆಗೆ ಹೈದರ್ ಅಲಿಗೆ ದಯಪಾಲಿಸಿದನು. ಮೊದಲು ಬಿರುದು, ಆಮೇಲೆ ಊರು ಎಂಬ ಕ್ರಮದಲ್ಲಿ ಹೈದರನು ನವಾಬನಾದನು. 1766-67ರ ದಂಡಯಾತ್ರೆಯಲ್ಲಿ ಊರು ಮತ್ತೆ ಮರಾಠರದಾಯಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದನು. ಇಷ್ಟು ಕೈಗಳನ್ನು ಬದಲಾಯಿಸಿದ ಊರಿಗೆ ಕೊನೆಯ ಪೆಟ್ಟು ಬಿದ್ದದ್ದು ಯುದ್ಧದಿಂದಲ್ಲ, ಒಂದು ಆಜ್ಞೆಯಿಂದ: ಶ್ರೀರಂಗಪಟ್ಟಣದ ಪಕ್ಕದಲ್ಲಿ ತಾನು ಕಟ್ಟುತ್ತಿದ್ದ ಗಂಜಾಂ ಪೇಟೆಯನ್ನು ತುಂಬುವ ಸಲುವಾಗಿ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಕರೆದೊಯ್ದನು. ಒಂದು ಊರಿನ ಒಲೆಗಳನ್ನು ಆರಿಸಿ ಇನ್ನೊಂದು ಊರಿನಲ್ಲಿ ಹೊತ್ತಿಸುವ ಈ ರಾಜನೀತಿಯ ಪರಿಣಾಮವನ್ನು, ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮಧುಗಿರಿ ಶಿರಾಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಕಣ್ಣಾರೆ ಕಂಡನು.

ಹೀಗೆ ಖಾಲಿಯಾದ ಊರು ನಿರ್ನಾಮವಾಗಲಿಲ್ಲವೇಕೆ? ನಾಲ್ಕೂ ತಾಲ್ಲೂಕುಗಳ ಸುತ್ತಾಟವನ್ನು ಮುಗಿಸಿ, ಮಾರನೆಯ ಬೆಳಗಿಗೆ ಊರಿಗೆ ಮರಳುವವನಿದ್ದ ನಾನು ಕಡೆಯ ಸಂಜೆಯನ್ನು ಶಿರಾದ ಪೇಟೆಯಲ್ಲಿ ಕಳೆದಾಗ ಈ ಪ್ರಶ್ನೆಯೇ ಮನಸ್ಸಿನಲ್ಲಿದ್ದಿತು. ಬೆಂಗಳೂರು-ಪುಣೆ ಹೆದ್ದಾರಿಯ ವಾಹನಗಳು ಪೇಟೆಯ ಬೀದಿಗಳನ್ನು ಹೊಗದೆ ಸಾಗಿಹೋಗುತ್ತವೆ. ಆದರೆ ಹಳ್ಳಿಗಳ ಬಸ್ಸುಗಳಿಗೆ, ಆಟೋಗಳಿಗೆ, ಸಾಮಾನು ಹೇರಿದ ಗಾಡಿಗಳಿಗೆ ಪೇಟೆಯೇ ಗುರಿ. ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಕಾಲಿಡಲು ಸ್ಥಳವಿಲ್ಲ. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ತಕ್ಕಡಿಯ ಮುಂದೆ ಕೇಳಿಬರುತ್ತವೆ.

ಕಂಬಳಿಯ ಅಂಗಡಿಯೊಂದರ ಮುಂದೆ ನಿಂತೆನು. ಈ ಸೀಮೆಯ ಕುರುಬರು ನೇಯುವ ಕರಿಯ ಕಂಬಳಿ ಹೊಸದರಲ್ಲಿ ತೊಗಲಿನಂತೆ ಸೆಟೆದಿರುತ್ತದೆ. ಮಡಿಕೆಯನ್ನು ಬಿಡಿಸಿದರೆ ಉಣ್ಣೆಯ ಒರಟು ಕಂಪಿನೊಡನೆ ಹುಳಿಮಿಶ್ರಿತವಾದ ಬೇರೊಂದು ವಾಸನೆಯೂ ಮೂಗಿಗೆ ಬಡಿಯುತ್ತದೆ. ಅದು ಹುಣಸೆಬೀಜದ ಗಂಜಿ. ಬೀಜವನ್ನು ಕುಟ್ಟಿ, ನೆನೆಸಿ, ಅರೆದು, ಅಂಬಲಿಯಾಗುವಂತೆ ಕುದಿಸಿ, ಬೀದಿಯುದ್ದಕ್ಕೂ ಹೂಡಿದ ಹಾಸಿನ ಎಳೆಗಳಿಗೆ ಬಳಿದು, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಉಣ್ಣೆಯ ನೂಲು ಮಗ್ಗದ ಪೆಟ್ಟನ್ನು ತಾಳುವಷ್ಟು ಗಟ್ಟಿಯಾಗುವುದು. “ನಾಲ್ಕು ಮಳೆ ನೆಂದ್ರೆ ತಾನೇ ಮೆತ್ತಗಾಯ್ತದೆ ಸ್ವಾಮಿ, ಆಮೇಲೆ ನಿಮ್ಮ ಮೊಮ್ಮಗನ ಕಾಲಕ್ಕೂ ಏನಾಗಕಿಲ್ಲ” ಎಂದು ಅಂಗಡಿಯ ಹಿರಿಯನು ಭರವಸೆಯಿತ್ತನು. ಪಕ್ಕದ ಅಂಗಡಿಯಲ್ಲಿಯೇ ಬೀಜ ತೆಗೆದ ಹುಣಸೆಹಣ್ಣಿನ ಉಂಡೆಗಳನ್ನು ಪೇರಿಸಿದ್ದರು. ಮಾಗಿಯ ಕೊನೆಯಲ್ಲಿ ಮರಗಳಿಂದ ಬಡಿದಿಳಿಸಿದ ಹಣ್ಣನ್ನು ಹೆಂಗಸರು ಮನೆಯಂಗಳದಲ್ಲಿ ಕುಳಿತು ಸಿಪ್ಪೆ, ನಾರು, ಬೀಜಗಳನ್ನು ಬೇರ್ಪಡಿಸಿ ಕಟ್ಟಿದ ಉಂಡೆಗಳವು. ಹಣ್ಣು ಸಾರಿಗೆ, ಬೀಜ ಮಗ್ಗಕ್ಕೆ. ಹಾಗೆಯೇ ಉಣ್ಣೆ ಮಗ್ಗಕ್ಕೆ, ಮಾಂಸ ಸಾರಿಗೆ. ಹುಣಸೆಯ ಮರ ಮತ್ತು ಕುರಿಯ ಹಿಂಡು ಎಂಬ ಎರಡು ಆಸ್ತಿಗಳು ಹೀಗೆ ಅಡಿಗೆಯ ಮನೆಯಲ್ಲಿಯೂ ನೇಯ್ಗೆಯ ಮನೆಯಲ್ಲಿಯೂ ಎರಡೆರಡು ಬಾರಿ ಸಂಧಿಸುವುದನ್ನು ಕಂಡಾಗ, ನನ್ನ ಪ್ರಶ್ನೆಗೆ ಉತ್ತರವು ಅರ್ಧ ದೊರೆತಂತಾಯಿತು.

ಉಳಿದರ್ಧವು ತಿಂಡಿಯ ಗಾಡಿಗಳ ಬಳಿ ದೊರೆಯಿತು. ಮುದುಕಿಯೊಬ್ಬಳು ಕಬ್ಬಿಣದ ಬಾಣಲೆಯಲ್ಲಿ ಮರಳನ್ನು ಕಾಯಿಸಿ, ಅದರೊಳಗೆ ಕಡಲೆಕಾಯಿಯನ್ನು ಹುಯ್ದು, ಸಿಪ್ಪೆಯ ಮೇಲೆ ಕಂದುಬಣ್ಣ ಮೂಡುವ ತನಕ ತಿರುವಿ, ಜರಡಿಯಲ್ಲಿ ಮರಳನ್ನು ಜಾಡಿಸಿ, ಪಾವಿನಲ್ಲಿ ಅಳೆದು ಕೊಡುತ್ತಿದ್ದಳು. “ಈ ಸಲ ಬೆಳೆ ಹೇಗಜ್ಜಿ?” ಎಂದೆನು. “ಕಾಯಿ ಕಟ್ಟೋ ಹೊತ್ಗೆ ಮಳೆ ಕೈಕೊಡ್ತು. ಇದು ಪಾವಗಡದ ಕಡೇದು. ಬಿಸಿ ಐತೆ, ತಕ್ಕಳಪ್ಪ” ಎಂದಳು. ಆಕೆಯ ಬಾಣಲೆಯಲ್ಲಿದ್ದ ಕಾಯಿಯನ್ನಾಗಲಿ, ಪಕ್ಕದ ಗಾಡಿಯಲ್ಲಿ ಕಡಲೆಹಿಟ್ಟಿನಲ್ಲಿ ಮುಳುಗಿ ಎಣ್ಣೆಗೆ ಬೀಳುತ್ತಿದ್ದ ಹಸಿಯ ಮೆಣಸಿನಕಾಯಿಯನ್ನಾಗಲಿ ಶಿರಾದ ಮೊದಲ ನಿವಾಸಿಗಳ ಪೂರ್ವಿಕರು ಕಂಡವರಲ್ಲ. ಎರಡೂ ಅಮೆರಿಕಾ ಖಂಡದ ಬೆಳೆಗಳು, ಹಡಗಿನಲ್ಲಿ ಬಂದವು. ಮೆಣಸಿನಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬಂದು ಕರಿಮೆಣಸಿನ ಪದವಿಯನ್ನು ಅಪಹರಿಸಿತು. ಕಡಲೆಕಾಯಿಯಾದರೋ ತೀರ ಈಚಿನದು, 20ನೆಯ ಶತಮಾನದಲ್ಲಿ ಈ ಕೆಮ್ಮಣ್ಣಿನ ಹೊಲಗಳನ್ನು ವ್ಯಾಪಿಸಿದುದು. ಇಂದು ಅವಿಲ್ಲದ ಸಂಜೆಯನ್ನು ಇಲ್ಲಿಯವರು ಊಹಿಸಲಾರರು. ಒಗ್ಗರಣೆ ಹಾಕಿದ ಮಂಡಕ್ಕಿಯೊಡನೆ ಬಜ್ಜಿಯನ್ನು ಕಡಿಯುವ ಪದ್ಧತಿ ಗಡಿಯಾಚೆಯ ಅನಂತಪುರದ ಕಡೆಗೂ ಒಂದೇ. ಗಡಿರೇಖೆಯನ್ನು ಎಳೆದವರು ಬಾಣಲೆಗಳನ್ನು ವಿಚಾರಿಸಲಿಲ್ಲ.

ಇನ್ನೂ ಮುಂದೆ ಹೋದರೆ ಮುದ್ದೆಯ ಹೋಟೆಲು. ಅಲ್ಲಿಂದ ಅನತಿದೂರದಲ್ಲಿ ಬಿರಿಯಾನಿಯ ಹಂಡೆ. ಒಂದು ಕಡೆ ಹೊಲ ಗೇಯ್ದು ಬಂದವರು ರಾಗಿಯ ಮುದ್ದೆಯನ್ನು ಮುರಿದು, ತೆಂಗಿನಕಾಯಿ ಕೊತ್ತಂಬರಿಗಳಿಂದ ಮಂದವಾದ ಕುರಿಮಾಂಸದ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಇನ್ನೊಂದು ಕಡೆ ಹಂಡೆಯ ಮುಚ್ಚಳ ತೆಗೆದೊಡನೆ ಏಲಕ್ಕಿ ಲವಂಗಗಳ ಹಬೆ ಬೀದಿಯನ್ನು ತುಂಬುತ್ತಿದ್ದಿತು. ಎರಡೂ ಪಾತ್ರೆಗಳಿಗೆ ಕುರಿ ಬರುವುದು ಒಂದೇ ಹುಲ್ಲುಗಾವಲಿನಿಂದ. ಸುಬೇದಾರರ ಪಾಕಶಾಲೆಯ ಪರಂಪರೆಯು ಇದರಲ್ಲಿ ಎಷ್ಟು ಉಳಿದಿದೆಯೆಂದು ತೀರ್ಮಾನಿಸುವುದು ಸಾಹಸ. ಆದರೆ ಆ ಪಾಕಶಾಲೆಗೆ ಕುರಿಯನ್ನು ಒದಗಿಸಿದ ಹಟ್ಟಿಗಳ ಪರಂಪರೆಯು ಅಖಂಡವಾಗಿರುವುದನ್ನು ಸಂಶಯಿಸಬೇಕಾದುದಿಲ್ಲ. ಕಾಡುಗೊಲ್ಲರು ರಾತ್ರಿಯಿಡೀ ಹಾಡುವ ಜುಂಜಪ್ಪನ ಮಹಾಕಾವ್ಯದ ನಾಯಕನು ದನಗಾಹಿ. ಅವನ ನೆಲೆಯಾದ ಕಳುವರಹಳ್ಳಿಯ ಗುಡ್ಡೆ ಇದೇ ಶಿರಾ ತಾಲ್ಲೂಕಿನಲ್ಲಿದೆ. ದಿಲಾವರ್ ಖಾನನನ್ನು ಕುರಿತು ಹಾಡುವವರು ಈ ಸೀಮೆಯಲ್ಲಿ ನನಗೆ ದೊರೆಯಲಿಲ್ಲ.

ಇದನ್ನು ಹೇಳುವಾಗ ಈ ಬೀದಿಯ ಸಮೃದ್ಧಿಯನ್ನು ಸನಾತನವೆಂದು ಭಾವಿಸುವ ಭ್ರಾಂತಿಗೆ ಎಡೆಗೊಡಬಾರದು. 1876ರಿಂದ 1878ರವರೆಗಿನ ಭೀಕರವಾದ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಕಂಡ ಸಾವುಗಳ ಸಂಖ್ಯೆಯನ್ನು ಜನಗಣತಿಯೇ ಸಾರುತ್ತದೆ: 1871ರಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿದ್ದಿತು. ಮಳೆಯ ನೆರಳಿನಲ್ಲಿರುವ ಇಂತಹ ತಾಲ್ಲೂಕುಗಳ ಪಾಡನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಬರಗಾಲದಲ್ಲಿ ಕುರಿಗಳು ಸತ್ತುವು, ಹಿಂಡು ಮಾರಿಹೋಯಿತು, ಮಗ್ಗ ನಿಂತಿತು. ಆದರೆ ಮಳೆ ಬಂದ ವರ್ಷ ಎರಡು ಮರಿಗಳಿಂದ ಹಿಂಡು ಮತ್ತೆ ಬೆಳೆಯಬಲ್ಲುದು, ಹುಣಸೆಯ ಮರ ಬೇರಿನಲ್ಲಿ ನೀರನ್ನು ಹುಡುಕಿಕೊಂಡು ತಾನೇ ಕಾಯಬಲ್ಲುದು. ದರಬಾರಿನ ಸಂಪತ್ತಿಗೆ ಈ ಗುಣವಿಲ್ಲ. ಅದು ಹೊರಗಿನಿಂದ ಖಜಾನೆಗೆ ಬಂದುದು; ಖಜಾನೆ ಎತ್ತ ಹೋಯಿತೋ ಅತ್ತ ಹೋಯಿತು. ಟಿಪ್ಪು ಕುಟುಂಬಗಳನ್ನು ಗಂಜಾಮಿಗೆ ಒಯ್ಯಬಲ್ಲವನಾದನು. ಹುಲ್ಲುಗಾವಲನ್ನೂ ಹುಣಸೆಯ ತೋಪನ್ನೂ ಒಯ್ಯಬಲ್ಲವನಾಗಲಿಲ್ಲ. 50,000 ಮನೆಗಳ ನಗರವು ಅಳಿದು, ಅದಕ್ಕೆ ಮೊದಲೇ ಇದ್ದ ಸಂತೆಯ ಊರು ಉಳಿಯಿತು. ಇಂದಿನ ಶಿರಾ ಮೊಗಲರ ರಾಜಧಾನಿಯ ಅವಶೇಷವೆಂದು ಹೇಳುವುದು ವಾಡಿಕೆಯಾದರೂ, ವಾಸ್ತವವಾಗಿ ಆ ರಾಜಧಾನಿಯೇ ಸಂತೆಯ ಊರಿನ ದೀರ್ಘವಾದ ಬಾಳಿನಲ್ಲಿ ಎಪ್ಪತ್ತು ವರ್ಷಗಳ ಒಂದು ಪ್ರಕರಣ.

ಈ ಪ್ರಾಂತದ ಕಲ್ಲುಗಳ ವಿಷಯದಲ್ಲಿ ವಿದ್ವಾಂಸರು ತಮ್ಮ ಕರ್ತವ್ಯವನ್ನು ಮಾಡಿದ್ದಾರೆ. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿಯೇ ಪ್ರಕಟಿಸಿದರು. ಗೋರಿ, ಮಸೀದಿ, ಗುಡಿ, ಕೋಟೆಗಳ ವಿವರಗಳು ಗೆಜೆಟಿಯರುಗಳಲ್ಲಿ ದೊರೆಯುತ್ತವೆ. ಪೇಟೆಯ ವಿಷಯದಲ್ಲಿ ಅಂತಹ ಸಂಗ್ರಹ ಕಾರ್ಯವು ಇನ್ನು ನಡೆಯಬೇಕಾಗಿದೆ. ಶಿರಾದ ಕಂಬಳಿಯ ಮಗ್ಗಗಳು ಯಾವ ಯಾವ ಹಳ್ಳಿಗಳಲ್ಲಿದ್ದುವು, ಹುಣಸೆಯ ಮಂಡಿಗೆ ಎಲ್ಲೆಲ್ಲಿಯ ವರ್ತಕರು ಬರುತ್ತಿದ್ದರು, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಯಾವ ಅಂಗಡಿಗಳು ಹೂಡುತ್ತಿದ್ದುವು, ನಾಗಲಮಡಿಕೆಯ ಜಾತ್ರೆಗೆ ಬಂದವರು ಏನನ್ನು ಕೊಂಡು ಏನನ್ನು ತಿಂದು ಹೋಗುತ್ತಿದ್ದರು ಎಂಬುದೆಲ್ಲ ಬಲ್ಲವರು ಈಗಲೂ ಇದ್ದಾರೆ. ಆದರೆ ಅವರೆಲ್ಲರೂ ಮುದುಕರು, ಮತ್ತು ಅವರ ಮಕ್ಕಳು ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿಯುವವರು. ಈ ನಾಲ್ಕು ತಾಲ್ಲೂಕುಗಳ ಶಾಲೆ ಕಾಲೇಜುಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹತ್ತಿಸುವ ಪರಿಪಾಠವನ್ನು ಬಿಡಬೇಕಾದುದಿಲ್ಲ. ಇಳಿದ ಮೇಲೆ ಒಂದು ಸಂಜೆ ಅವರನ್ನು ಪೇಟೆಗೂ ಕರೆದೊಯ್ದು, ಬರೆದುಕೊಳ್ಳಲು ಪುಸ್ತಕವನ್ನು ಕೈಗೆ ಕೊಟ್ಟು, ಕಂಬಳಿಯ ಅಂಗಡಿಯವನ ಮುಂದೆಯೂ ಕಡಲೆಕಾಯಿಯ ಅಜ್ಜಿಯ ಮುಂದೆಯೂ ಕುಳ್ಳಿರಿಸಿದರೆ, ಗೆಜೆಟಿಯರಿಗೆ ಸೇರಬೇಕಾದ ಮುಂದಿನ ಅಧ್ಯಾಯವು ಹತ್ತು ವರ್ಷಗಳೊಳಗೆ ಸಿದ್ಧವಾದೀತು.